ಮಾಡಿಫೈ ಮಾಡಿದ ಹಳೇ ಜೀಪ್ ತೆಗೆದುಕೊಳ್ಳುವವರು ದಯವಿಟ್ಟು ಓದಿ

ನಾನು ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗದಲ್ಲಿ ಹಳೇ ಜೀಪ್ ಮಾಡಿಫೈ ಮಾಡಿ ಮಾರುವ ಒಬ್ಬನಿಂದ ನನಗೆ ಮೋಸ ಆಗಿದೆ. 3 ಲಕ್ಷದ 80 ಸಾವಿರ. ಅಡಿಕೆ ಮಾರಿದ ದುಡ್ಡು. ಅಪ್ಪನಿಗೆ ಇನ್ನೂ ಪೂರ್ತಿ ಹೇಳಿಲ್ಲ.

ನಮ್ಮ ಕಡೆ ಜೀಪ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ತೋಟಕ್ಕೆ ಗೊಬ್ಬರ ಹೋಗಬೇಕಾದರೂ ಜೀಪು, ಕೊಡಚಾದ್ರಿ ಹತ್ತಬೇಕಾದರೂ ಜೀಪು. ಸೋದರಮಾವನ ಹಳೇ ವಿಲ್ಲೀಸ್ ಜೀಪಿನ ಹಿಂದೆ ನೇತಾಡಿಕೊಂಡೇ ಬೆಳೆದವನು ನಾನು. ದಪ್ಪ ಟೈರ್ ಹಾಕಿದ ಒಂದು ಮಹೀಂದ್ರಾ ಎಂಎಂ 540 ಜೀಪು ನನ್ನದೂ ಇರಬೇಕು ಅಂತ ಕಾಲೇಜಿನಿಂದಲೂ ಆಸೆ. ಇದು ನನ್ನ ಮೊದಲ ಜೀಪು.

ಹಸಿರು ಮ್ಯಾಟ್ ಬಣ್ಣ, ಮಡ್ ಟೈರ್, ಮುಂದೆ ವಿಂಚ್. "ಒರಿಜಿನಲ್ ಫೋರ್ ಬೈ ಫೋರ್ ಗೌಡ್ರೇ, ಎಂಥಾ ಏರಾದ್ರೂ ಹತ್ತುತ್ತೆ" ಅಂದ ಮಾರುವವನು. ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವುದೇ ಫೋರ್ ಬೈ ಫೋರ್; ಅದನ್ನು ಹಾಕುವ ಲಿವರ್ ಎಳೆದೂ ತೋರಿಸಿದ. ಸಾಗರ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದ. ಟಾರ್ ರೋಡಿಗೆ ಹಿಂದಿನ ಎರಡು ಚಕ್ರವೇ ಸಾಕಲ್ವಾ, ಅಲ್ಲಿ ಏನು ಗೊತ್ತಾಗುತ್ತೆ? ಯಾವುದಾದರೂ ಗುಡ್ಡದ ದಾರಿಗೆ ಹೋಗೋಣ ಅಂದೆ. "ಈಗಷ್ಟೇ ತೊಳೆಸಿದ್ದು, ಸಂಜೆ ಇನ್ನೊಂದು ಪಾರ್ಟಿ ನೋಡೋಕೆ ಬರ್ತಿದೆ" ಅಂದ. ಅಲ್ಲೇ ಎದ್ದು ಬರಬೇಕಿತ್ತು. ಗಾಡಿ ಕೈತಪ್ಪುತ್ತೆ ಅಂತ ಹೆದರಿ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಜೂನ್ ಮಳೆ ಹಿಡಿಯಿತು. ನಮ್ಮ ತೋಟದ ಏರಿನಲ್ಲಿ ಹಿಂದಿನ ಚಕ್ರ ಕೆಸರಲ್ಲಿ ಸುಮ್ನೆ ತಿರುಗತೊಡಗಿತು. ಇಳಿದು, ಮುಂದಿನ ಚಕ್ರಗಳನ್ನು ಆಕ್ಸಲ್‌ಗೆ ಸೇರಿಸುವ ಹಬ್ ಲಾಕ್ ಮಾಡಿದೆ. ಲಿವರ್ ಎಳೆದೆ, ಲೋ ಗೇರ್ ಹಾಕಿದೆ. ಮುಂದಿನ ಚಕ್ರ ಅಲ್ಲಾಡಲಿಲ್ಲ. ಮತ್ತೆ ಎಳೆದೆ. ಇಲ್ಲ. ಹೆಂಡತಿ, ಮಗ ಒಳಗೇ ಕೂತಿದ್ದರು. ಮಗ "ಅಪ್ಪಾ, ಫೋರ್ ಬೈ ಫೋರ್ ಹಾಕು" ಅಂತಿದ್ದ. ಹಾಕಿದ್ದೇನೆ ಮಗಾ ಅಂತ ಹೇಳಲೂ ಬಾಯಿ ಬರಲಿಲ್ಲ. ಕೊನೆಗೆ ಪಕ್ಕದ ಮನೆಯವರು ಟ್ರ್ಯಾಕ್ಟರ್ ತಂದು ಎಳೆದರು.

ಊರಿನ ಮೆಕ್ಯಾನಿಕ್ ಮುಂದಿನ ಆಕ್ಸಲ್ ಬಿಚ್ಚಿದ. ಪಿನಿಯನ್ ಅನ್ನೋ ಸಣ್ಣ ಗೇರ್ ಒಂದನ್ನು ಬಿಟ್ಟು ಒಳಗೆ ಖಾಲಿ! ಚಕ್ರ ತಿರುಗಿಸುವ ಕ್ರೌನ್ ಗೇರ್ ಇಲ್ಲ, ಏನೂ ಇಲ್ಲ. ಕೆಳಗಿನಿಂದ ನೋಡಿದವರಿಗೆ ಎಲ್ಲಾ ಇದ್ದ ಹಾಗೆ ಕಾಣಲಿ ಅಂತ ಗೇರ್‌ಬಾಕ್ಸ್ ಕಡೆಯಿಂದ ಬರುವ ಶಾಫ್ಟ್ ಮಾತ್ರ ಬಿಟ್ಟಿದ್ದಾನೆ. ಇಂಜಿನ್ ಒರೆಸಿ ನೋಡಿದರೆ ಅದೂ ಬೇರೆ. ಆರ್‌ಸಿಯಲ್ಲಿರುವ ನಂಬರ್ ಅಲ್ಲ. ಇಂಜಿನ್ ಬದಲಾಯಿಸಲು ಮೊದಲೇ ಆರ್‌ಟಿಓ ಅನುಮತಿ ಬೇಕು, ಆರ್‌ಸಿಯಲ್ಲಿ ಸೇರಬೇಕು. ಸೇರಿಲ್ಲ. ಗಾಡಿಯ ಮೂಲ ರಚನೆ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದನ್ನೇ ಕಸುಬು ಮಾಡಿಕೊಂಡವನಿಗೆ ಇದು ಗೊತ್ತಿಲ್ಲವಾ?

ಫೋನ್ ಮಾಡಿದೆ. "ನೀವೇ ಓಡಿಸಿ ನೋಡಿ ತಗೊಂಡಿದ್ದಲ್ವಾ?" ಅಂದ. ಆಕ್ಸಲ್ ಖಾಲಿ ಇದೆ ಅಂದೆ. "ಫೋರ್ ಬೈ ಫೋರ್ ಗಾಡಿ ಅಂದಿದ್ದೆ, ಫೋರ್ ಬೈ ಫೋರ್ ಕೆಲಸ ಮಾಡುತ್ತೆ ಅಂದಿದ್ನಾ?" ಅಂದ. ಎಂಥಾ ಏರಾದ್ರೂ ಹತ್ತುತ್ತೆ ಅಂತ ಅವನ ಬಾಯಿಂದಲೇ ಕೇಳಿದ್ದೇನೆ. ಇಂಜಿನ್ ನಂಬರ್ ಕೇಳಿದರೆ "ಎಲ್ರೂ ಹಂಗೇ ಓಡಿಸ್ತಾರೆ, ಯಾರು ಬಾನೆಟ್ ಎತ್ತಿ ನೋಡ್ತಾರೆ?" ಕೊನೆಗೆ ದೊಡ್ಡ ಉಪಕಾರ ಮಾಡುವವನ ಹಾಗೆ "ಸಾಮಾನು ನೀವೇ ತನ್ನಿ ಗೌಡ್ರೇ, ಕೂಲಿ ಇಲ್ದೆ ಹಾಕಿಕೊಡ್ತೀನಿ" ಅಂದ. ನನ್ನ ದುಡ್ಡು ತಿಂದು ನನಗೇ ಕೂಲಿ ಬಿಡುತ್ತಾನಂತೆ!

ಬಣ್ಣ, ಟೈರ್ ನೋಡಬೇಡಿ. ಹಬ್ ಲಾಕ್ ಮಾಡಿ, ಲಿವರ್ ಎಳೆಯದೆ, ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಕೈಯಲ್ಲಿ ತಿರುಗಿಸಿ. ಕೆಳಗಿನ ಮುಂದಿನ ಶಾಫ್ಟೂ ತಿರುಗಬೇಕು. ಇಂಜಿನ್, ಚಾಸಿ ನಂಬರ್ ಆರ್‌ಸಿ ಜೊತೆ ನೀವೇ ತಾಳೆ ಹಾಕಿ, ಅವನು ಓದಿ ಹೇಳಿದ್ದನ್ನು ನಂಬಬೇಡಿ. ಏರು ಹತ್ತಿಸಲು ಒಪ್ಪದವನ ಕೈಗೆ ಒಂದು ರೂಪಾಯಿಯೂ ಕೊಡಬೇಡಿ.

15 ವರ್ಷ ದಾಟಿದ ಗಾಡಿ ಅಲ್ವಾ, 5 ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್. ನನ್ನದು ಡಿಸೆಂಬರಿಗೆ ಇದೆ, ಆಗ ಇಂಜಿನ್ ನಂಬರ್ ನೋಡುತ್ತಾರೆ. ಅಷ್ಟರೊಳಗೆ ಆ ಹಳೇ ಇಂಜಿನ್ ಎಲ್ಲಿಗೆ ಹೋಯಿತು ಅಂತ ಅವನು ಹೇಳಲೇಬೇಕು. ನಿನ್ನೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.