ಹತ್ತು ವರ್ಷದ ಕರಾರೋ, ಮೂರು ವರ್ಷದ್ದೋ?

ರಗ್ಬಿ ಲೀಗ್ ಕ್ಲಬ್ಬೊಂದರ ತಂಡ ಕಟ್ಟುವ ಹೊಣೆ ನಿಮ್ಮದಾದರೆ ಮೊದಲು ಎದುರಾಗುವ ಪ್ರಶ್ನೆ ಇದೇ. ಆಸ್ಟ್ರೇಲಿಯಾದ ದೊಡ್ಡ ರಗ್ಬಿ ಲೀಗ್ ಪಂದ್ಯಾವಳಿಯಾದ ಎನ್‌ಆರ್‌ಎಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿಯಿದೆ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ.

ದೀರ್ಘ ಕರಾರಿಗೆ ದೊಡ್ಡ ಉದಾಹರಣೆ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್. 2017ರಲ್ಲಿ ಜೇಸನ್ ಟೌಮಲೊಲೊಗೆ 10 ವರ್ಷಕ್ಕೆ ಸುಮಾರು 1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಲು ಒಪ್ಪಿತು. ಹಿಂದಿನ ವರ್ಷವಷ್ಟೇ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಹಂಚಿಕೊಂಡಿದ್ದ ಆಟಗಾರ, ಬಿಟ್ಟುಕೊಡುವುದಾದರೂ ಹೇಗೆ? ಲಾಭವೂ ಸಿಕ್ಕಿತು: ವರ್ಷವರ್ಷ ಚೌಕಾಸಿಯಿಲ್ಲ, ತಂಡಕ್ಕೊಂದು ಮುಖ. ಆದರೆ ಅವನು ಮುಂಪಡೆಯವನು. ಪ್ರತಿ ಪಂದ್ಯದಲ್ಲೂ ಚೆಂಡು ಹಿಡಿದು ಮೂರು ಜನರಿಗೆ ಡಿಕ್ಕಿ ಹೊಡೆಯುವುದೇ ಕೆಲಸ. ಮೊಣಕಾಲು ಸವೆಯುತ್ತದೆ, ಬರೆದ ಮೊತ್ತ ಸವೆಯುವುದಿಲ್ಲ.

ಇನ್ನೊಂದು ಕ್ಲಬ್ ಪೆನ್ರಿತ್‌ನ ಕಥೆಯೇ ಬೇರೆ. ಹಾಫ್‌ಬ್ಯಾಕ್ ನೇಥನ್ ಕ್ಲಿಯರಿಯನ್ನು ಉಳಿಸಿಕೊಂಡಿತು. ಕೊರೊಯಿಸೌ, ಕಿಕೌ, ಕ್ರೈಟನ್‌ರಂಥ ಆಟಗಾರರು ಕರಾರು ಮುಗಿದ ಮೇಲೆ ಬೇರೆ ಕ್ಲಬ್ಬುಗಳಿಗೆ ಹೋದರು. ಆದರೂ 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ! ಇದನ್ನು ಕಣ್ಣು ಮುಚ್ಚಿ ನಕಲು ಮಾಡಬೇಡಿ. ಅಲ್ಲಿ ಸ್ಥಳೀಯ ಹುಡುಗರ ದೊಡ್ಡ ಪಡೆಯಿದೆ. ಆ ಪಡೆ ಇಲ್ಲದ ಕ್ಲಬ್ಬಿಗೆ ಸಣ್ಣ ಕರಾರು ತಲೆನೋವೇ: ಕೊನೆಯ ವರ್ಷ ಶುರುವಾಗುವ ಮುಂಚೆಯೇ, ನವೆಂಬರ್ 1ರಿಂದ, ಆಟಗಾರ ಬೇರೆಯವರ ಜೊತೆ ಮಾತಾಡಬಹುದು.

ನನ್ನ ಮಟ್ಟಿಗೆ, ಆಟ ನಡೆಸುವ ಹಾಫ್‌ಬ್ಯಾಕ್‌ಗೆ ಐದಾರು ವರ್ಷ ಕೊಡಿ, ಮುಂಪಡೆಯವರಿಗೆ ಮೂರು ಸಾಕು. ವಿಂಗರ್‌ಗಳಿಗೆ ಎರಡೇ ಕೊಟ್ಟರೂ ನಡೆದೀತು.