ಶುಗರ್ ಇರುವ ಕಾಲಿಗೆ ಪೆಡಿಕ್ಯೂರ್: ಕಮ್ಮನಹಳ್ಳಿಯ ಒಂದು ಪಾರ್ಲರ್, ನಾಲ್ಕು ಸ್ಟಾರ್

ನಾನು ಪಾರ್ಲರಿಗೆ ಹೋಗುವ ಪೈಕಿ ಅಲ್ಲ. 31 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು, 11 ವರ್ಷದಿಂದ ಶುಗರ್. ವಾರ್ಡಿನಲ್ಲಿ ನಿಂತೂ ನಿಂತೂ ಹಿಮ್ಮಡಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ. ಎಡಗಾಲಿನ ಕಿರುಬೆರಳ ಪಕ್ಕ ಒಂದು ಆಣಿ ಬೇರೆ. ಇಂಥ ಕಾಲು ಹೊತ್ತುಕೊಂಡು 850 ರೂಪಾಯಿ ಕೊಟ್ಟು ಪೆಡಿಕ್ಯೂರ್ ಮಾಡಿಸಿಕೊಂಡು ಬಂದೆ. ಕಾರಣ, ನಮ್ಮ ಚರ್ಚು.

ಪವಿತ್ರ ಗುರುವಾರದ ಪೂಜೆಯಲ್ಲಿ, ಯೇಸು ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ, ಫಾದರ್ ಕೈಯಲ್ಲಿ ಪಾದ ತೊಳೆಸಿಕೊಳ್ಳುವ 12 ಜನರ ಪಟ್ಟಿಯಲ್ಲಿ ಈ ಸಲ ನನ್ನ ಹೆಸರಿತ್ತು. ನಾನು ಚಿಕ್ಕವಳಿದ್ದಾಗ ಆ ಕುರ್ಚಿಗಳಲ್ಲಿ ಕೂರುತ್ತಿದ್ದವರು ಗಂಡಸರು ಮಾತ್ರ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಕಾಸಲ್ ದೆಲ್ ಮಾರ್ಮೊ ಎಂಬ ಬಾಲಾಪರಾಧಿಗಳ ಜೈಲಿಗೆ ಹೋಗಿ, ನೆಲಕ್ಕೆ ಮಂಡಿಯೂರಿ 12 ಮಂದಿಯ ಕಾಲು ತೊಳೆದು ಮುತ್ತಿಟ್ಟರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. 2016ರ ಜನವರಿಯಲ್ಲಿ ನಿಯಮವೇ ಬದಲಾಗಿ ಹೆಂಗಸರಿಗೂ ದಾರಿಯಾಯಿತು. ನನ್ನ ತನಕ ಬರಲು ಇನ್ನಷ್ಟು ವರ್ಷ ಹಿಡಿಯಿತು, ಇರಲಿ.

ಫಾದರ್ ಹೆಸರು ಓದಿದ ತಕ್ಷಣ ನಾನು, "ಬೇಡ ಫಾದರ್, ಬೇರೆ ಯಾರನ್ನಾದರೂ ಕೂರಿಸಿ" ಅಂದೆ. ಎಷ್ಟು ವಿನಯ ಈಯಮ್ಮನಿಗೆ ಅನ್ನುವ ಹಾಗೆ ಅಕ್ಕಪಕ್ಕದವರು ನೋಡಿದರು. ನಾನೂ ಹಾಗೇ ನಂಬಿದ್ದೆ, ಮನೆಗೆ ಬಂದು ಚಪ್ಪಲಿ ಬಿಟ್ಟು ಕಾಲು ನೋಡಿಕೊಳ್ಳುವವರೆಗೆ. ಫಾದರ್ ಮಾತ್ರ ನಕ್ಕು, "ಪೇತ್ರನೂ ಇದನ್ನೇ ಹೇಳಿದ್ದು" ಅಂದಿದ್ದರು. ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯ: ನೀವು ನನ್ನ ಕಾಲು ತೊಳೆಯುವುದೇ, ಆಗದ ಮಾತು ಅಂತ ಶಿಷ್ಯ ಪೇತ್ರ ಯೇಸುವಿನ ಮುಂದೆ ಹಟ ಹಿಡಿಯುತ್ತಾನೆ. ಹಾಗಾದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಅಂತ ಯೇಸು ಅಂದ ಮೇಲೆ, ಕಾಲೊಂದೇ ಯಾಕೆ, ಕೈ ತಲೆಯನ್ನೂ ತೊಳೆಯಿರಿ ಅನ್ನುತ್ತಾನೆ. ಈ ಮನುಷ್ಯನಿಗೆ ಮಧ್ಯದ ದಾರಿ ಅನ್ನುವುದೇ ಇಲ್ಲ. ನನಗೂ ಇರಲಿಲ್ಲ. ಮಗಳಿಗೆ ಹೇಳಿ ಮಂಗಳವಾರಕ್ಕೆ ಅಪಾಯಿಂಟ್‌ಮೆಂಟ್ ಹಾಕಿಸಿದೆ.

ಈಗ ಪಾರ್ಲರಿನ ವಿಷಯ. ಮೊದಲ ಮಹಡಿ, ಲಿಫ್ಟ್ ಇಲ್ಲ. ಮಂಡಿನೋವಿನವರು ಗಮನಿಸಿ. ಟಬ್ಬಿಗೆ ಪ್ರತಿಯೊಬ್ಬರಿಗೂ ಹೊಸ ಪ್ಲಾಸ್ಟಿಕ್ ಹೊದಿಸುತ್ತಾರೆ, ಸಂತೋಷ. ಆದರೆ ಹಿಮ್ಮಡಿ ಉಜ್ಜುವ ಫೈಲ್ ಹಿಂದಿನವರಿಗೆ ಬಳಸಿದ್ದೇ ಇತ್ತು. ಕೇಳಿದ ಮೇಲೆ ಹೊಸದನ್ನು ಒಡೆದರು, ದುಡ್ಡು ಕೇಳಲಿಲ್ಲ. ನೀವೂ ಬಾಯಿಬಿಟ್ಟು ಕೇಳಿ. ಶುಗರ್ ಇದ್ದರೆ ಕೂತ ಕೂಡಲೇ ಹೇಳಿಬಿಡಿ: ನೀರು ಉಗುರುಬೆಚ್ಚಗಿರಲಿ, ಐದು ನಿಮಿಷಕ್ಕಿಂತ ಹೆಚ್ಚು ನೆನೆಸುವುದು ಬೇಡ, ಬ್ಲೇಡ್ ಅಂತೂ ಕೂಡದು. ಜೋಮು ಹಿಡಿದ ಕಾಲಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ, ಕೊಯ್ದದ್ದೂ ಗೊತ್ತಾಗುವುದಿಲ್ಲ. ನೀರಿಗೆ ನಾನೇ ಬಗ್ಗಿ ಮೊಣಕೈ ಅದ್ದಿ ನೋಡಿದೆ, ಹಳೇ ಅಭ್ಯಾಸ.

ಒಂದು ಸ್ಟಾರ್ ಕಳೆದದ್ದು ಮಾಲಕಿಯ ಬಾಯಿಗೆ. ಕೌಂಟರಿನಿಂದಲೇ ನನ್ನ ಕಾಲು ನೋಡಿ, ಇಡೀ ಪಾರ್ಲರಿಗೆ ಕೇಳುವ ಹಾಗೆ, "ಮೇಡಂ, ತುಂಬಾ ಹಾಳಾಗಿದೆ, ಎರಡು ಸಿಟ್ಟಿಂಗ್ ಬೇಕು, ವ್ಯಾಕ್ಸ್ ಸೇರಿಸಿಬಿಡಲಾ?" ಅಂದರು. ಮೈಯೆಲ್ಲ ಬಿಸಿಯಾಯಿತು. ವ್ಯಾಕ್ಸ್ ಬೇಡ ಅಂದೆ.

ಕೆಲಸ ಮಾಡಿದ ಹುಡುಗಿ ಮಿಜೋರಾಮಿನವಳು. ನಾನು ಸಿಂಹಾಸನದಂಥ ಕುರ್ಚಿಯಲ್ಲಿ, ಅವಳು ಒಂದು ಗೇಣಿನ ಸ್ಟೂಲಿನ ಮೇಲೆ, ನನ್ನ ಹಿಮ್ಮಡಿ ಅವಳ ತೊಡೆಯ ಮೇಲೆ. ಮಾಲಕಿ ಕೂಗಿದರೂ ಅವಳು ತಲೆ ಎತ್ತಲಿಲ್ಲ, ಮೂಗು ಮುರಿಯಲಿಲ್ಲ. ಬಿರುಕಿನ ಮೇಲೆ ಬೆರಳಾಡಿಸಿ, "ಇಲ್ಲಿ ನೋವಾಗುತ್ತಾ ಆಂಟಿ?" ಅಂತ ಮೆಲ್ಲಗೆ ಕೇಳಿದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು. ರೋಗಿಗೆ ನಾಚಿಕೆಯಾಗದಿರಲಿ ಅಂತ ನಾನೇ 31 ವರ್ಷ ಹಾಕಿಕೊಂಡ ಮುಖ ಅದು. ಕೊಳೆತ ಗಾಯ ತೊಳೆಯುವಾಗಲೂ ನೆಂಟರ ಮನೆಯ ಸುದ್ದಿ ಕೇಳುವವಳ ಹಾಗೆ ಇರುತ್ತಿದ್ದೆ. ಅದನ್ನೇ ದೀನತೆ ಅಂದುಕೊಂಡಿದ್ದೆ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಧ್ಯಾನಕೂಟದಲ್ಲಿ ಒಮ್ಮೆ ಎದ್ದು ನಿಂತು ಹಾಗೆ ಹೇಳಿಯೂ ಇದ್ದೆ. ಈಗ ಅನ್ನಿಸುತ್ತದೆ, ಅಲ್ಲೂ ನನ್ನ ಕೈಯೇ ಮೇಲಿತ್ತು. ಮಲಗಿದ್ದವರು ಅವರು, ನಿಂತಿದ್ದವಳು ನಾನು. "ಸಿಸ್ಟರ್, ನಿಮ್ಮ ಕೈಯಿಂದ ಇದನ್ನೆಲ್ಲ ಮಾಡಿಸಬೇಕಾಯಿತಲ್ಲ" ಅಂತ ಅವರು ಕಣ್ಣೀರು ಹಾಕಿದರೆ ನನಗೆ ಒಳಗೊಳಗೇ ಹಿಗ್ಗು. ಅವರಿಗೆ ಏನನ್ನಿಸುತ್ತಿತ್ತು ಅಂತ ತಿಳಿದದ್ದು ಆ ಕುರ್ಚಿಯಲ್ಲಿ ಕೂತಾಗ.

ಕೊರಳಿನ ಜಪಸರ ನೋಡಿ ಅವಳೇ ಮಾತು ತೆಗೆದಳು. ಅವಳೂ ಕ್ರೈಸ್ತಳೇ, ಪ್ರೆಸ್ಬಿಟೇರಿಯನ್ ಪಂಗಡದವಳು. ಶುಭ ಶುಕ್ರವಾರ ಬೆಳಿಗ್ಗೆ ಆರಾಧನೆಗೆ ಹೋಗಲು ರಜೆ ಕೇಳಿದ್ದಾಳೆ, ಮಾಲಕಿ ಇನ್ನೂ ಹೂಂ ಅಂದಿಲ್ಲ. ಪೆಡಿಕ್ಯೂರ್ ಯಾಕೆ ಮಾಡಿಸುತ್ತಿದ್ದೇನೆ ಅಂತ ಹೇಳಿದೆ. ಕೈ ನಿಲ್ಲಿಸಿ ಗಟ್ಟಿಯಾಗಿ ನಕ್ಕಳು. "ತೊಳೆಯೋಕೆ ಮೊದಲೇ ತೊಳೆದುಕೊಂಡು ಹೋಗ್ತೀರಾ ಆಂಟಿ?" ಉತ್ತರ ಹೊಳೆಯಲಿಲ್ಲ, ನಾನೂ ನಕ್ಕೆ. ಮುಗಿಸುವಾಗ ಬೆರಳ ಸಂದುಗಳನ್ನು ಒಂದೊಂದಾಗಿ ಒತ್ತಿ ಒರೆಸಿದಳು. ಎಷ್ಟೋ ಟ್ರೇನಿಗಳಿಗೆ ಹೇಳಿ ಹೇಳಿ ಸೋತ ಕೆಲಸವದು, ಇವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಗುರುವಾರ ಸಂಜೆ ತೊಳೆದದ್ದು ಬಲಗಾಲು ಮಾತ್ರ! ಎಡಗಾಲಿಗೆ ಸುರಿದ ದುಡ್ಡು ದಂಡ. ನೀರು ತಣ್ಣಗಿತ್ತು. ಫಾದರಿಗೂ ಅರವತ್ತು ದಾಟಿದೆ, ಏಳನೆಯವಳಾದ ನನ್ನ ಹತ್ತಿರ ಬರುವಷ್ಟರಲ್ಲಿ ಉಸಿರು ಬಿಡುತ್ತಿದ್ದರು. ಬೆರಳ ಸಂದು ಒರೆಸದೆ ಮುಂದಕ್ಕೆ ಹೊರಟಾಗ ಕೈ ತಡೆಯಲಾಗಲಿಲ್ಲ, ಬಗ್ಗಿ ಟವೆಲ್ ಹಿಡಿದೆ. ಅವರು ಟವೆಲ್ ಬಿಡಲಿಲ್ಲ. "ಸುಮ್ಮನೆ ಕೂತಿರಿ ಸಿಸ್ಟರ್" ಅಂದರು, ಮೈಕಿಗೆ ಕೇಳದ ಹಾಗೆ. ಕೂತೆ.

ಹಿಮ್ಮಡಿ ಮೂರು ವಾರ ಚೆನ್ನಾಗಿತ್ತು, ಈಗ ಮತ್ತೆ ಒಡೆಯಲು ಶುರುವಾಗಿದೆ. ಮಂಗಳವಾರ ಮಧ್ಯಾಹ್ನ ಹೋದರೆ ಜನ ಕಡಿಮೆ. ಟಿಪ್ಸ್ ಅನ್ನು ಕೌಂಟರಿನ ಡಬ್ಬಿಗೆ ಹಾಕದೆ ಹುಡುಗಿಯ ಕೈಗೇ ಕೊಡಿ. ಮುಂದಿನ ವಾರ ನಾನು ಹೋಗುವವಳಿದ್ದೇನೆ. ಅವಳಿಗೆ ಆ ಶುಕ್ರವಾರ ರಜೆ ಸಿಕ್ಕಿತೋ ಇಲ್ಲವೋ ಕೇಳಬೇಕು.