ಜೊತೆ ಹುಡುಕಲು ಮೂರು ದಾರಿ ನೋಡಿದೆ, ಉಳಿದದ್ದು ಹಕ್ಕಿ ಆ್ಯಪ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಕ್ಕಿ ಗುರುತಿಸುವ ಆ್ಯಪ್‌ಗೆ. ದಾವಣಗೆರೆಗೆ ವರ್ಗವಾಗಿ ಬಂದು ಎಂಟು ತಿಂಗಳಾಯಿತು, ವಿದ್ಯಾನಗರದಲ್ಲಿ ಒಬ್ಬನೇ ಇದ್ದೇನೆ. ಭಾನುವಾರ ಹಾಲಿನವನ ಜೊತೆ ಬಿಟ್ಟರೆ ಯಾರ ಜೊತೆಯೂ ಮಾತಿಲ್ಲದೆ ರಾತ್ರಿಯಾಗುತ್ತಿತ್ತು.

ಹಾಗಾಗಿ, ಒಂದೇ ಹವ್ಯಾಸದವರನ್ನು ಭೇಟಿ ಮಾಡಿಸುತ್ತೇವೆ ಅನ್ನುವ ಆ್ಯಪ್ ಒಂದಕ್ಕೆ ಮೂರು ತಿಂಗಳಿಗೆ 599 ರೂಪಾಯಿ ಕಟ್ಟಿದೆ. 'ಹತ್ತಿರದ ಭೇಟಿಗಳು' ಅಂತ ತೋರಿಸಿದ್ದೆಲ್ಲ ಬೆಂಗಳೂರಿನವು. ದೂರವನ್ನು 50 ಕಿ.ಮೀ.ಗೆ ಇಳಿಸಿದರೆ ಒಂದೂ ಇಲ್ಲ, ಚಿತ್ರದುರ್ಗವೇ ಇಲ್ಲಿಂದ 60 ಕಿ.ಮೀ. ಆಗುತ್ತೆ ಅಲ್ವಾ. ಬೇಜಾರಾಗಿ ಆ್ಯಪ್ ಡಿಲೀಟ್ ಮಾಡಿದೆ. ಡಿಲೀಟ್ ಮಾಡಿದರೆ ಆಟೋಪೇ, ಅಂದರೆ ಖಾತೆಯಿಂದ ತಾನಾಗೇ ಆಗುವ ಕಡಿತ, ನಿಲ್ಲೋದಿಲ್ಲ ಅಂತ ಗೊತ್ತಾಗಿದ್ದು, ನಾಳೆ 599 ಕಡಿತವಾಗುತ್ತೆ ಅನ್ನೋ ಮೆಸೇಜ್ ಬಂದಾಗ. 15,000 ರೂಪಾಯಿಯೊಳಗಿನ ಇಂಥ ಕಂತಿಗೆ ಪ್ರತಿ ಸಲ ಪಿನ್ ಕೇಳೋದಿಲ್ಲ. ಕಡಿತಕ್ಕೆ 24 ಗಂಟೆ ಮೊದಲು ತಿಳಿಸಲೇಬೇಕು ಅನ್ನೋ ರಿಸರ್ವ್ ಬ್ಯಾಂಕ್ ನಿಯಮವೊಂದೇ ನನ್ನನ್ನು ಉಳಿಸಿದ್ದು. ದುಡ್ಡು ಕಟ್ಟಿದ ಯುಪಿಐ ಆ್ಯಪ್‌ನಲ್ಲೇ ಆಟೋಪೇ ಪಟ್ಟಿ ಇರುತ್ತೆ, ಅಲ್ಲಿ ರದ್ದು ಮಾಡಬೇಕು. ನೀವೂ ಇವತ್ತೇ ತೆರೆದು ನೋಡಿ.

ಬಡಾವಣೆಯ ವಾಟ್ಸಾಪ್ ಗುಂಪು ಪುಕ್ಕಟೆ. ಒಳ್ಳೆಯ ಜನ, ಆದರೆ ಶುಭೋದಯದ ಚಿತ್ರಗಳೇ ಜಾಸ್ತಿ, ಭೇಟಿ ಕಡಿಮೆ.

ಇನ್ನು ಹಕ್ಕಿ ಆ್ಯಪ್‌ಗಳು. ಮೆರ್ಲಿನ್, ಇಬರ್ಡ್ ಎರಡೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದವು, ಎರಡೂ ಉಚಿತ. ಮೆರ್ಲಿನ್ ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತೆ. ಹಕ್ಕಿಗಳ ಮಾಹಿತಿಯ ಪ್ಯಾಕನ್ನು ಮನೆಯಲ್ಲೇ ಇಳಿಸಿಕೊಂಡರೆ ಕೆರೆ ಹತ್ತಿರ ನೆಟ್ ಬೇಡ. ಒಂದು ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಫೋನ್ ಎತ್ತಿ ಹಿಡಿದು ನಿಂತಿದ್ದೆ. ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ನಿಂತು, "ಏನ್ ತಮ್ಮಾ, ಫೋನಿಗೆ ಏನ್ ಕೇಳಿಸ್ತೈತಿ?" ಅಂದರು. ತೋರಿಸಿದೆ. ಪರದೆಯಲ್ಲಿ ಟಿಟ್ಟಿಭದ ಹೆಸರು ಬೆಳಗುತ್ತಿತ್ತು. ಅವರು ನಿವೃತ್ತ ಮೇಷ್ಟ್ರು, ಅದು ಗದ್ದೆ ಬದಿ ನೆಲದ ಮೇಲೇ ಮೊಟ್ಟೆ ಇಡುತ್ತೆ, ಹತ್ತಿರ ಹೋದರೆ ಕೂಗಿ ಕೂಗಿ ಓಡಿಸುತ್ತೆ ಅಂತ ಅರ್ಧ ಗಂಟೆ ಹೇಳಿದರು. ಆ್ಯಪ್ ಹೆಸರಷ್ಟೇ ಹೇಳಿತ್ತು, ಉಳಿದದ್ದೆಲ್ಲ ಅವರದು.

ಇಬರ್ಡ್‌ನಲ್ಲಿ ನೋಡಿದ ಹಕ್ಕಿಗಳ ಪಟ್ಟಿಯನ್ನು ಜೊತೆಗಿದ್ದವರಿಗೂ ಹಂಚಬಹುದು. ಮೇಷ್ಟ್ರಿಗೆ ಖಾತೆ ತೆರೆದುಕೊಟ್ಟೆ. ಅವರು ಪಕ್ಕದ ಮನೆಯ ಹುಡುಗಿಯನ್ನು ಕರೆತಂದರು, ಅವಳು ಅಪ್ಪನನ್ನು.

ನಾನು ಬೇಗ ಏಳುವವನು, ತಿಂಗಳ ಖರ್ಚು ಬಿಗಿ, ಅದಕ್ಕೆ ಇದು ಹೊಂದಿತು. ರಾತ್ರಿ ಪಾಳಿಯವರಿಗೆ ಕಷ್ಟವಾಗಬಹುದು. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನೋ ಹಕ್ಕಿ ಎಣಿಕೆ ಇರುತ್ತೆ, ಒಂದೆಡೆ 15 ನಿಮಿಷ ನಿಂತು ಎಣಿಸಿದರೂ ಸಾಕು. ನಾವು ನಾಲ್ವರೂ ಹೋಗುತ್ತಿದ್ದೇವೆ, ಚಹಾ ಫ್ಲಾಸ್ಕ್ ಮೇಷ್ಟ್ರದು.